ತೊಟ್ಟಿಯೊಳಗಿನ ಕೊಲ್ಲಿ

ನನ್ನ ತಮ್ಮ ಕರಿಬಸಪ್ಪ ಲಿಂಗೈಕ್ಯನಾದ ಸುದ್ದಿ ನನಗೆ ತಿಳಿದದ್ದು ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ, 1997ರ ಏಪ್ರಿಲ್ ತಿಂಗಳ ಒಂದು ಸೋಮವಾರ. ಅವನ ಹೆಂಡತಿ ಗೌರಮ್ಮ ಲಗ್ಗೆರೆಯಿಂದ ಫೋನು ಮಾಡಿ, "ಭಾವ, ಪೂಜೆಗೆ ಕೂತೋರು ಏಳ್ಲೇ ಇಲ್ಲ" ಎಂದಳು. ಅವನಿಗೆಂದು ತರಿಸಿದ್ದ ಚಹಾ ಮೇಜಿನ ಮೇಲೆ ಆರುತ್ತಿತ್ತು.

ಸಮುದ್ರದ ಬಿಸಿಯನ್ನೂ ಉಪ್ಪನ್ನೂ ಅಳೆಯುವ ಉಪಕರಣಗಳನ್ನು ಪರೀಕ್ಷಿಸುವುದು ಅವನ ಕೆಲಸ. ಆಳೆತ್ತರದ ಕಿರಿದಾದ ತೊಟ್ಟಿಗೆ ಉಪ್ಪುನೀರು ತುಂಬಿ, ಅದನ್ನು ಕಲಕುವ ಮೋಟಾರು ಹಚ್ಚಿ, ಉಪಕರಣಗಳನ್ನು ಇಳಿಬಿಡುತ್ತಿದ್ದ. ಸಮುದ್ರವನ್ನು ಒಮ್ಮೆಯೂ ಕಂಡವನಲ್ಲ. ಯಾರಾದರೂ ಕೆಣಕಿದರೆ, "ಥರ್ಮಾಮೀಟರ್ ಮಾಡೋನು ರೋಗಿ ಮುಖ ನೋಡ್ಬೇಕೇನ್ರೀ?" ಎನ್ನುತ್ತಿದ್ದ.

ಅವನು ಕೈ ಹಚ್ಚಿದ ಎರಡು ಉಪಕರಣಗಳು ಪರೀಕ್ಷೆಗೆ ಬಾಕಿಯಿದ್ದವು. ಅವನ್ನು ಒಯ್ಯುವ ಹಡಗು ಶನಿವಾರ ಮದರಾಸಿನಿಂದ ಹೊರಡುವುದಿತ್ತು. ಮುಂಗಾರಿನ ಗಾಳಿ ಬೀಸಿತೆಂದರೆ ಕಡಲು ಕದಡಿ ತಣ್ಣಗಾಗುತ್ತದೆ. ಬೇಸಗೆಯ ಕಾವು ಅಳೆಯಲು ಮತ್ತೆ ಒಂದು ವರ್ಷ ಕಾಯಬೇಕು. ತಮ್ಮನ ಕೊನೆಯ ಕೆಲಸ ಕಪಾಟಿನಲ್ಲಿ ಉಳಿಯಬಾರದೆಂದು ನನಗೆ ಹಟ.

ಮೂರನೆಯ ದಿನದ ಕಾರ್ಯ ಮುಗಿಸಿ, ಗುರುವಾರ ಎಲ್ಲರಿಗಿಂತ ಮೊದಲೇ ವರ್ಕ್‌ಶಾಪಿಗೆ ಹೋದೆ. ಪೂಜೆಯ ತೀರ್ಥವನ್ನು ಒಂದು ಚೊಂಬಿನ ತುಂಬ ಒಯ್ದಿದ್ದೆ. ಅವನು ಜೀವಮಾನವಿಡೀ ನಿಂತ ಜಾಗ. ಸ್ವಲ್ಪ ಮೌನವಿರಲೆಂದು, ಹಗಲಿರುಳೂ ತಿರುಗುವ ಮೋಟಾರು ನಿಲ್ಲಿಸಿದೆ. ಅವನ ಹೆಸರು ಹೇಳಿ ತೀರ್ಥವನ್ನು ತೊಟ್ಟಿಯ ಗೋಡೆಗುಂಟ ಮೆಲ್ಲಗೆ ಸುರಿದೆ. ಮೋಟಾರು ಮತ್ತೆ ಹಚ್ಚಲು ಮನಸ್ಸಾಗಲಿಲ್ಲ.

ಆಮೇಲೆ ಬಂದ ಎಂಜಿನಿಯರ್ ಸೌಮ್ಯಾ ಒಂದು ಉಪಕರಣವನ್ನು ಮೇಲೆ, ಇನ್ನೊಂದನ್ನು ಆಳದಲ್ಲಿ ತೂಗುಬಿಟ್ಟಳು.

"ಸಾರ್, ಕೆಳಗಿಂದು ಸರಿಯಿದೆ. ಮೇಲಿಂದು ಉಪ್ಪೇ ಇಲ್ಲ ಅಂತಿದೆ!"

ಅದಲುಬದಲು ಮಾಡಿದಳು. ಈಗ ಮೊದಲು ಸರಿಯಿದ್ದದ್ದೇ ತಪ್ಪಿತು.

"ಎರಡೂ ಹೋಯ್ತು ಸಾರ್."

ಅಷ್ಟರಲ್ಲಿ ಅವಳ ಕಣ್ಣು ಖಾಲಿ ಚೊಂಬಿನ ಮೇಲೆ ಬಿತ್ತು.

"ಇದರಲ್ಲಿ ಏನಿತ್ತು?"

"ತೀರ್ಥ ಕಣಮ್ಮ."

"ಎಲ್ಲಿಗೆ ಹಾಕಿದ್ರಿ?"

ನಾನು ತೊಟ್ಟಿಯ ಕಡೆ ನೋಡಿದೆ. ಆಗ ತಮ್ಮ ಊಟದ ಹೊತ್ತಿನಲ್ಲಿ ಹೇಳುತ್ತಿದ್ದ ಮಾತು ನೆನಪಾಯಿತು: "ಅಣ್ಣ, ಮಳೆಗಾಲ ಆದ್ಮೇಲೆ ಬಂಗಾಳ ಕೊಲ್ಲೀಲಿ ನದಿಗಳ ಸಿಹಿನೀರು ಮೇಲೇ ಮಲಗಿಬಿಡತ್ತೆ. ಹಗುರ ಅಲ್ವಾ? ಕೆಳಗಿನ ಬಿಸಿ ಕಂಬಳಿ ಹೊದ್ದಂಗೆ ಒಳಗೇ ಉಳಿಯತ್ತೆ."

ಸೌಮ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪೀಣ್ಯಕ್ಕೇ ಕೊಲ್ಲಿ ತಂದ್ಬಿಟ್ರಲ್ಲ ಸಾರ್!"

ಮೋಟಾರು ಹಚ್ಚಿದೆವು. ನೀರು ಬೆರೆತು, ಎರಡೂ ಒಂದೇ ಲೆಕ್ಕ ಹೇಳಿದವು. ಆದರೂ ಹೊಸ ಉಪ್ಪುನೀರು ತುಂಬಿ ಮತ್ತೆ ಪರೀಕ್ಷಿಸಿ, ಶುಕ್ರವಾರ ಮಧ್ಯಾಹ್ನ ಮದರಾಸಿಗೆ ಕಳಿಸಿದೆವು.

ಸಂಜೆ ಗೌರಮ್ಮನಿಗೆ ಹೇಳಿದಾಗ, ಐದು ದಿನಗಳಲ್ಲಿ ಮೊದಲ ಸಲ ನಕ್ಕಳು. "ಅವರಿದ್ದಿದ್ರೆ ಇದನ್ನ ಹೇಳಿ ಹೇಳಿ ವರ್ಷಗಟ್ಲೆ ನಿಮ್ಮ ಮಾನ ಕಳೀತಿದ್ರು ಭಾವ!"

ಹೌದು, ಕಳೆಯುತ್ತಿದ್ದ. ಅವನು ಕಾಣದ ಕಡಲಿಗೆ ಅವನ ಕೈಕೆಲಸ ಇಳಿದಿದೆ. ಶಿವನೇ, ನನ್ನ ತಮ್ಮನನ್ನು ಮೇಲೆ ತೇಲಲು ಬಿಡದೆ ಪೂರ್ತಿಯಾಗಿ ನಿನ್ನಲ್ಲಿ ಬೆರೆಸಿಕೋ. ಅವನಿಗೆ ಶಾಂತಿ ಕೊಡು.