ಅಂಚಿನ ಸಾಲಿನ ಬದನೆ

ಸುದೀಪನ ಬದನೆಕಾಯಿಯನ್ನು ಹುಳ ಮುಟ್ಟುತ್ತಿರಲಿಲ್ಲ. ಮನುಷ್ಯರೂ ಮುಟ್ಟುತ್ತಿರಲಿಲ್ಲ. ಅಷ್ಟು ಕಹಿ. ಕಾಡುಬದನೆಗೂ ನಾಟಿ ಬದನೆಗೂ ವರ್ಷಗಟ್ಟಲೆ ಅಡ್ಡತಳಿ ಮಾಡಿ ಅವನು ತಂದಿದ್ದ ಗಿಡಕ್ಕೆ ಕಾಯಿಕೊರಕ ಹುಳುವಿನ ಕಾಟವಿರಲಿಲ್ಲ ನಿಜ, ಆದರೆ ಕಾಡಿನ ಕಹಿ ಮತ್ತು ತೊಟ್ಟಿನ ಮುಳ್ಳು ಎರಡೂ ಹಾಗೇ ಉಳಿದಿದ್ದವು. ಹೋದ ವರ್ಷ ಭದ್ರಾವತಿಯ ಜನ್ನಾಪುರದ ಮನೆಗೆ ಒಂದು ಚೀಲ ತಂದಾಗ ತಾಯಿ ಹಾಲಮ್ಮ ಒಂದು ತುತ್ತು ಬಾಯಿಗಿಟ್ಟವಳು ಎದ್ದು ಹೋಗಿ ಉಪ್ಪಿನಕಾಯಿ ಭರಣಿ ತಂದು ಮುಂದಿಟ್ಟಿದ್ದಳು.

ಇಂಪನಾಳ ಬದನೆಗೆ ಆ ಗತಿ ಬಂದಿರಲಿಲ್ಲ. ಪೇಪರಿನಲ್ಲಿ ಅದರ ಫೋಟೋ ಬಂದಿತ್ತು, ಪಕ್ಕದಲ್ಲಿ ಅವಳದೂ.

ಇಬ್ಬರೂ ಒಂದೇ ವರ್ಷ ಎಂ.ಎಸ್ಸಿ. ಮಾಡಿದವರು. ಮೊಗ್ಗು ಬಿಡಿಸಿ, ಕೇಸರ ಕಿತ್ತು, ಬೇರೆ ಗಿಡದ ಪರಾಗ ಹಚ್ಚಿ ಕಾಗದದ ಚೀಲ ಕಟ್ಟುವುದನ್ನು ಅವಳಿಗೆ ಕಲಿಸಿದವನು ಸುದೀಪನೇ. ಮೊದಮೊದಲು ಅವಳು ಮುಟ್ಟಿದ ಹೂವೆಲ್ಲ ಉದುರುತ್ತಿತ್ತು. ಆಗ ಅವಳನ್ನು ಕಂಡರೆ ಅವನಿಗೆ ಬಹಳ ಇಷ್ಟ. ಆಮೇಲೆ ಅವಳು ಹೂವಿನ ಸಹವಾಸ ಬಿಟ್ಟು ಲ್ಯಾಬ್ ಸೇರಿದಳು. ಮಣ್ಣಿನ ಬ್ಯಾಕ್ಟೀರಿಯಾದ ಒಂದು ಜೀನನ್ನು ಬದನೆಗೆ ಸೇರಿಸಿ, ಕಾಯಿ ಕೊರೆದ ಹುಳ ಅಲ್ಲೇ ಸಾಯುವಂತೆ ಮಾಡಿದಳು. ರುಚಿ ಬದಲಾಗಲಿಲ್ಲ, ಮುಳ್ಳು ಬರಲಿಲ್ಲ. ಈಗ ಇಬ್ಬರೂ ಶಿವಮೊಗ್ಗದ ಒಂದೇ ಸಂಶೋಧನಾ ಕೇಂದ್ರದಲ್ಲಿ ಎದುರುಬದುರು ಕೋಣೆಯಲ್ಲಿ ಕೂರುತ್ತಿದ್ದರು. ಅವಳ ಕೋಣೆಯಿಂದ ನಗು ಕೇಳಿದರೆ ಸುದೀಪ ಫ್ಯಾನ್ ಜೋರು ಮಾಡಿಕೊಳ್ಳುತ್ತಿದ್ದ.

ಮಲವಗೊಪ್ಪದ ಕಡೆ ಕೇಂದ್ರಕ್ಕೆ ಸೇರಿದ ಜಮೀನಿನಲ್ಲಿ ಅವಳ ಕುಲಾಂತರಿ ಬದನೆಯ ಮೊದಲ ಬೆಳೆ ಪರೀಕ್ಷೆ ನಡೆಯಿತು. ಅದೇ ಜಮೀನನ್ನು ಸುದೀಪ ತನ್ನ ತಳಿಗೆ ಕೇಳಿದ್ದ. 'ಇಂಪನಾ ಅವರದು ಮುಗೀಲಿ, ನೋಡೋಣ' ಎಂದಿದ್ದರು ಕೇಂದ್ರದವರು. ಮೇಲಿಂದ ಅವನನ್ನು ಅವಳ ಪರೀಕ್ಷೆಯ ನಿಗಾ ತಂಡಕ್ಕೆ ಹಾಕಿದರು. ಬೇಲಿ ಸರಿಯಿದೆಯೇ, ಗೇಟಿಗೆ ಬೀಗ ಬಿದ್ದಿದೆಯೇ, ತೂಕ ಮಾಡಿದ ಕಾಯಿಯೆಲ್ಲ ಗುಂಡಿಗೆ ಬಿದ್ದು ಸುಟ್ಟುಹೋಯಿತೇ, ಇದನ್ನು ನೋಡುವ ಕೆಲಸ.

ಸುದೀಪ ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದ. ತಪ್ಪು ಸಿಗಲಿ ಎಂಬುದೊಂದೇ ಅವನ ಶ್ರದ್ಧೆ. ಕಪ್ಪು ದುಂಬಿಗಳು ಕಡಿಮೆಯಾಗಿವೆಯೇ ಎಂದು ಬಿಸಿಲಲ್ಲಿ ನಿಂತು ಎಣಿಸಿದ. ಕಡಿಮೆಯಾಗಿರಲಿಲ್ಲ. ಪರಾಗ ಹಾರಿ ಬೇಲಿಯಾಚೆಯ, ಬದನೆ ಜಾತಿಯದೇ ಆದ ಗುಳ್ಳದ ಗಿಡಕ್ಕೆ ಕೂತಿರಬಹುದೆಂದು ಬೀಜ ತಂದು ಪರೀಕ್ಷಿಸಿದ. ಏನೂ ಸಿಗಲಿಲ್ಲ. ಅಕ್ಕಪಕ್ಕದ ಹೊಲದವರು ವಾರಕ್ಕೆರಡು ಸಲ ಔಷಧಿ ಹೊಡೆಯುವಾಗ ಇಂಪನಾಳ ಹೊಲದಲ್ಲಿ ಸ್ಪ್ರೇಯರ್ ಶೆಡ್ಡಿನೊಳಗೆ ಜೇಡರ ಬಲೆ ಕಟ್ಟಿಸಿಕೊಂಡು ಕೂತಿತ್ತು. ಅದನ್ನು ನೋಡಿದಾಗಲೆಲ್ಲ ಅವನು ಶೆಡ್ಡಿನ ಬಾಗಿಲು ಎಳೆದುಹಾಕುತ್ತಿದ್ದ.

ಇದನ್ನು ದೊಡ್ಡ ಹೊಲಗಳಿಗೆ ಒಯ್ಯಬೇಕೋ, ಇಲ್ಲಿಗೇ ನಿಲ್ಲಿಸಬೇಕೋ ಎಂದು ತೀರ್ಮಾನಿಸುವ ಸಭೆಗೆ ಇನ್ನು ಕೆಲವೇ ದಿನವಿತ್ತು. ನಿಂತರೆ ಜಮೀನು ಸುದೀಪನಿಗೆ.

ಆ ಭಾನುವಾರ ಹಾಲಮ್ಮ ಎಣ್ಣೆಗಾಯಿ ಮಾಡಿದ್ದಳು. ಸುದೀಪ ಎರಡನೇ ಸಲ ಬಡಿಸಿಕೊಂಡ.

"ಬದ್ನೆಕಾಯಿ ಚೆನ್ನಾಗಿದೆ ಕಣಮ್ಮ. ಒಂದ್ರಲ್ಲೂ ಹುಳ ಇಲ್ವಲ್ಲ, ಎಲ್ಲಿ ತಂದೆ?"

"ನಾನೆಲ್ಲಿ ತರ್ಲಿ? ಚಿನ್ನಮ್ಮ ಕೊಟ್ಲು. ನಿಮ್ಮ ಹೊಲದ್ದೇ ಅಂತೆ. ನೀನು ಬೆಳೆದದ್ದು ಅನ್ಕೊಂಡೆ, ಆಮೇಲೆ ಬಾಯಿಗಿಟ್ಟಾಗ ಗೊತ್ತಾಯ್ತು ಅಲ್ಲ ಅಂತ."

ಸುದೀಪ ಕೈ ತೊಳೆಯದೆ ಪಕ್ಕದ ಮನೆಗೆ ಹೋದ. ಚಿನ್ನಮ್ಮ ಆ ಹೊಲದ ಕೊಯ್ಲಿಗೆ ಹೋಗುತ್ತಿದ್ದ ಹೆಂಗಸರಲ್ಲೊಬ್ಬಳು. ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು.

"ಚಿನ್ನಮ್ಮಕ್ಕ, ಹೊಲದಿಂದ ಕಾಯಿ ತಂದ್ರಾ?"

"ತರದೆ? ಕೊಯ್ಲು ದಿನ ಬರಿ ಮಡ್ಲಲ್ಲಿ ಮನೆಗೆ ಬರೋ ಹೆಂಗಸು ಯಾರಿದ್ದಾಳೆ ಹೇಳಪ್ಪ. ಯಾರ ಹೊಲಕ್ಕೆ ಹೋದ್ರೂ ಕೂಲಿ ಬೇರೆ, ಮಡ್ಲು ಬೇರೆ."

"ಅದನ್ನ ತರಂಗಿಲ್ಲ ಅಂತ ಹೇಳಿರ್ಲಿಲ್ವಾ?"

"ಮೇಡಮ್ಮು ಒಳಗಿನ ಗಿಡ ಔಷಧಿದು, ಅದರದ್ದು ಒಂದೂ ತಗೋಬೇಡಿ ಅಂದಿದ್ರು. ನಾವು ಮುಟ್ಟಿಲ್ಲಪ್ಪ, ದೇವರಾಣೆ. ಅಂಚಲ್ಲಿ ನಾಟಿ ಬದ್ನೆ ಹಾಕಿದ್ರಲ್ಲ, ಅದನ್ನ ಕಿತ್ಕೊಂಡ್ವಿ, ಹುಳುಕಿದ್ದನ್ನ ಅಲ್ಲೇ ಎಸೆದು ಒಳ್ಳೇದನ್ನ ಮಡ್ಲಿಗೆ ಹಾಕ್ಕೊಂಡ್ವಿ. ಅದಕ್ಕೇನೂ ಅಂದಿರ್ಲಿಲ್ಲ. ನೀನೇ ಗೇಟಲ್ಲಿ ನಿಂತಿದ್ದೆಯಲ್ಲ ಮಾರಾಯ, ನೋಡ್ಲಿಲ್ವಾ?"

ಅವನು ನೋಡಿರಲಿಲ್ಲ. ಹೆಂಗಸರು ಸೆರಗು ಬಿಗಿದುಕೊಂಡು ಸಾಲಾಗಿ ಹೊರಗೆ ಬರುವಾಗ ಅವನು ದುಂಬಿ ಎಣಿಸುತ್ತಿದ್ದ.

ಹೊಲದ ಸುತ್ತ ಅಂಚಿನ ಸಾಲಾಗಿ ನಾಟಿ ಬದನೆ ಹಾಕುವುದೇ ಒಳಗಿನ ಪರಾಗ ಆಚೆ ಹೋಗದಂತೆ ತಡೆಯಲು. ಆ ಪರಾಗ ಅಂಚಿನ ಹೂವಿಗೆ ಕೂತು ಬೀಜಕ್ಕೆ ಸೇರಿರಬಹುದು, ಹೀಗಾಗಿ ಅದರ ಕಾಯಿಯೂ ಗುಂಡಿಗೇ ಹೋಗಬೇಕು. ಇಂಪನಾಳಿಗೆ ಇದು ಎಷ್ಟು ಮಾಮೂಲಿ ಸಂಗತಿಯಾಗಿತ್ತೆಂದರೆ ಬಾಯಿಬಿಟ್ಟು ಹೇಳಬೇಕೆಂದು ಹೊಳೆದಿರಲಿಲ್ಲ. ಒಳಗಿನ ಕಾಯಿಗೆ ತೂಕವಿತ್ತು, ಲೆಕ್ಕವಿತ್ತು. ಹೊರಗಿನದನ್ನು ಯಾರೂ ತೂಗುತ್ತಿರಲಿಲ್ಲ.

ಸುದೀಪ ಮನೆಗೆ ಬಂದು ಬುಟ್ಟಿಯಲ್ಲಿ ಉಳಿದಿದ್ದ ಬದನೆಯನ್ನೆಲ್ಲ ಚೀಲಕ್ಕೆ ಹಾಕಿಕೊಂಡ.

"ಅದನ್ನೆಲ್ಲಿಗೆ ತಗೊಂಡು ಹೋಗ್ತೀಯೋ? ನಾಳೆ ಸಾರಿಗೆ ಇಟ್ಟಿದ್ದೆ," ಎಂದಳು ಹಾಲಮ್ಮ.

"ತಿನ್ಬೇಡ ಇದನ್ನ."

"ತಿಂದಾಯ್ತಲ್ಲೋ! ನಿನ್ನೇನೂ ತಿಂದೆ. ಏನಾಗ್ತದೆ?"

ಅವನು ಚೀಲ ಹಿಡಿದು ಶಿವಮೊಗ್ಗದ ಬಸ್ಸು ಹತ್ತಿದ.

ಭಾನುವಾರ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಕುಲಾಂತರಿ ಹೌದೋ ಅಲ್ಲವೋ ನೋಡಲು ಕಾಗದದ ಪಟ್ಟಿಗಳಿದ್ದವು. ಕಾಯಿಯ ಚೂರನ್ನು ಬೀಜ ಸಮೇತ ದ್ರಾವಣದಲ್ಲಿ ಅರೆದು ಪಟ್ಟಿ ಅದ್ದಬೇಕು. ಒಂದು ಗೆರೆ ಬಂದರೆ ಮಾಮೂಲಿ ಬದನೆ, ಎರಡು ಗೆರೆ ಬಂದರೆ ಇಂಪನಾಳದು. ಸುದೀಪ ಮೊದಲ ಪಟ್ಟಿ ಅದ್ದಿ ಅದರ ಮೇಲೆಯೇ ಬಗ್ಗಿ ನಿಂತ. ಬರಲಿ, ಬರಲಿ ಎಂದು ಅವನ ತುಟಿ ಅಲ್ಲಾಡುತ್ತಿತ್ತು.

ಒಂದು ಗೆರೆ.

ಇನ್ನೊಂದು ಕಾಯಿ ಕೊಯ್ದ. ಒಂದೇ ಗೆರೆ. ಮತ್ತೊಂದು ಕೊಯ್ದ. ಚಿನ್ನಮ್ಮ ಸುಳ್ಳು ಹೇಳಿರಲಿ ಎಂದು ಅವಳ ಮೇಲೆ ಸಿಟ್ಟು ಮಾಡಿಕೊಂಡೇ ಚೀಲ ಖಾಲಿ ಮಾಡಿದ. ಎಲ್ಲದರಲ್ಲೂ ಒಂದೇ ಗೆರೆ. ಕೊನೆಯ ಪಟ್ಟಿ ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತಾಗ ಅವನಿಗೆ ಹೊಳೆಯಿತು. ಇದೇ ಬುಟ್ಟಿಯದನ್ನು ತನ್ನ ತಾಯಿ ಎರಡು ದಿನದಿಂದ ತಿಂದಿದ್ದಾಳೆ. ಇನ್ನೂ ಪರೀಕ್ಷೆ ಮುಗಿಯದ, ತಿನ್ನಬಾರದೆಂದು ತಾನೇ ಸಹಿ ಹಾಕಿದ ಕಾಯಿ ಅವಳ ಹೊಟ್ಟೆಯಲ್ಲಿರಲಿ ಎಂದು ಅವನು ಇಷ್ಟು ಹೊತ್ತು ಬೇಡಿಕೊಳ್ಳುತ್ತಿದ್ದ. ನಾಚಿಕೆಯಾಯಿತು. ಆದರೆ ನಿರಾಸೆಯೇ ಅದಕ್ಕಿಂತ ಹೆಚ್ಚಾಗಿತ್ತು.

ಪಟ್ಟಿಗಳನ್ನು ಒಂದು ಕವರಿಗೆ ಹಾಕಿ ಜೇಬಿಗಿಟ್ಟುಕೊಂಡ. ಎರಡನೇ ಗೆರೆ ಬರದಿದ್ದರೂ ನಷ್ಟವಿಲ್ಲ ಎಂದುಕೊಂಡ. ಅಂಚಿನ ಕಾಯಿ ಆಚೆ ಹೋದದ್ದೇ ಸಾಕು. ಸಭೆಯಲ್ಲಿ ಮಡಿಲಿನ ವಿಷಯ ಹೇಳುವುದು, ಪಟ್ಟಿಯ ವಿಷಯ ಹೇಳದಿರುವುದು.

ಸಭೆಯ ಅಧ್ಯಕ್ಷರು ಉಮಾಮಹೇಶ್ವರ ಎಂಬ ನಿವೃತ್ತ ವಿಜ್ಞಾನಿ. ರೈತರ ಪರವಾಗಿ ಬಂದಿದ್ದವರು ಬಸವರಾಜೇಶ್ವರಿ. ನಾಟಿ ಬೀಜ ಉಳಿಸಿ ಹಂಚುವ ಹೆಂಗಸು, ಕುಲಾಂತರಿ ಎಂದರೆ ಮೊದಲಿನಿಂದಲೂ ಅನುಮಾನ. ಇಂಪನಾ ಎದ್ದು ನಿಂತು ಅಂಕಿಅಂಶ ಓದಿದಳು. ಔಷಧಿಯ ಖರ್ಚು ಎಷ್ಟು ಇಳಿಯಿತು, ಹುಳುಕು ಎಷ್ಟು ಕಡಿಮೆಯಾಯಿತು, ಕೆಲವು ವರ್ಷಗಳಲ್ಲಿ ಹುಳವೇ ಇದಕ್ಕೆ ಒಗ್ಗಿಕೊಳ್ಳುವ ಅಪಾಯ ಎಷ್ಟು. ಸುದೀಪ ತನ್ನ ಸರದಿಗೆ ಕಾಯುತ್ತಾ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಇನ್ನೊಂದು ವಿಷಯ ಸರ್," ಎಂದಳು ಇಂಪನಾ. "ನನ್ನಿಂದ ಒಂದು ತಪ್ಪಾಗಿದೆ."

ಮಡಿಲಿನ ಕತೆಯನ್ನು ಅವಳೇ ಪೂರ್ತಿ ಹೇಳಿದಳು. ಕೊಯ್ಲು ಮುಗಿದ ಮೇಲೆ ಹೊಲ ಸುತ್ತುವಾಗ ಅಂಚಿನ ಗಿಡದಲ್ಲಿ ಕಾಯಿಯೇ ಇಲ್ಲದ್ದು ನೋಡಿ ಹೆಂಗಸರನ್ನು ಕೇಳಿದ್ದಳಂತೆ. ಅವರ ತಪ್ಪಲ್ಲ, ನಾನು ಅರ್ಧ ಹೇಳಿ ಅರ್ಧ ಬಿಟ್ಟೆ ಎಂದಳು.

ಸುದೀಪನಿಗೆ ಯಾರೋ ತನ್ನ ಜೇಬಿಗೆ ಕೈ ಹಾಕಿದಂತಾಯಿತು. ತಪ್ಪು ಹುಡುಕುವುದರಲ್ಲೂ ಇವಳೇ ಮೊದಲು!

"ಒಯ್ದಿದ್ದು ಅಂಚಿಂದೇ ಅಂತ ಹೆಂಗೆ ನಂಬೋದಮ್ಮ?" ಬಸವರಾಜೇಶ್ವರಿ ಕೇಳಿದರು. "ಒಳಗಿಂದು ಒಂದೆರಡು ಸೇರಿದ್ರೆ? ಅದನ್ನ ಯಾರಾದ್ರೂ ಬೀಜಕ್ಕೆ ಇಟ್ಕೊಂಡಿದ್ರೆ?"

"ಒಳಗಿನ ತೂಕ ಸರಿಯಿದೆ ಮೇಡಂ. ಅವರೂ ಮುಟ್ಟಿಲ್ಲ ಅಂತಾರೆ. ಅದು ಬಿಟ್ರೆ ನನ್ನ ಹತ್ರ ಬೇರೆ ಪುರಾವೆ ಇಲ್ಲ. ಕಾಯಿ ಎಲ್ಲಾ ತಿಂದು ಮುಗಿದಿತ್ತು."

ಉಮಾಮಹೇಶ್ವರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಇದನ್ನ ಇಲ್ಲಿಗೇ ನಿಲ್ಲಿಸ್ಬೇಕಾಗ್ತದೆ. ಬೇಜಾರಿನ ವಿಷಯ. ಮುಚ್ಚಿಡಬಹುದಿತ್ತು ನೀವು. ಮುಚ್ಚಿಡ್ಲಿಲ್ಲ. ನನ್ನ ಸರ್ವಿಸಿನಲ್ಲಿ ಹೀಗೆ ಹೇಳಿದವರನ್ನ ನಾನು ಕಂಡಿಲ್ಲ."

ಅಲ್ಲಿಗೆ ಸುದೀಪನ ಕೆಲಸ ಮುಗಿದಿತ್ತು. ಬಾಯಿ ಮುಚ್ಚಿಕೊಂಡು ಕೂತರೆ ಜಮೀನು ಅವನದು. ಆದರೆ ಅವನು ಸುತ್ತಲಿನ ಮುಖಗಳನ್ನು ನೋಡಿದ. ಎಲ್ಲರೂ ಇಂಪನಾಳನ್ನೇ ನೋಡುತ್ತಿದ್ದರು. ಅನುಮಾನದ ಬಸವರಾಜೇಶ್ವರಿ ಕೂಡ ತಮ್ಮ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿದರು. ಇನ್ನು ಮೇಲೆ ಈ ಕೇಂದ್ರದಲ್ಲಿ ನಿಜ ಹೇಳಿ ಸೋತವಳು ಎಂದು ಅವಳ ಹೆಸರೇ ನಡೆಯುತ್ತದೆ. ತಾನು ಆ ಹೊಲದಲ್ಲಿ ಏನು ಬೆಳೆದರೂ, ಅವಳು ಬಿಟ್ಟುಕೊಟ್ಟ ಹೊಲ ಎನ್ನುತ್ತಾರೆ. ಗೆದ್ದ ಇಂಪನಾಳನ್ನಾದರೂ ಹೇಗೋ ಸಹಿಸಬಹುದಿತ್ತು.

"ಪುರಾವೆ ನನ್ನ ಹತ್ರ ಇದೆ ಸರ್," ಎಂದ.

ಕವರು ಬಿಚ್ಚಿ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿದ. ಕಾಯಿ ಎಲ್ಲಿ ಸಿಕ್ಕಿತು, ಯಾವಾಗ ಪರೀಕ್ಷಿಸಿದೆ ಎಲ್ಲ ಹೇಳಿದ. ಬಸವರಾಜೇಶ್ವರಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು.

"ಒಂದು ಮನೇದು ನೋಡಿದ್ರೆ ಊರಿಂದು ನೋಡಿದಂಗಲ್ಲ," ಎಂದರು. "ಆದ್ರೂ ಏನೂ ಇಲ್ಲದ್ದಕ್ಕಿಂತ ವಾಸಿ."

"ನೀವು ನಿಗಾ ತಂಡದವರಲ್ವೇ?" ಉಮಾಮಹೇಶ್ವರ ಸುದೀಪನನ್ನು ಕೇಳಿದರು. "ಭಾನುವಾರದಿಂದ ಇದನ್ನ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ದೀರಾ? ಗೇಟಲ್ಲಿ ಏನು ನೋಡ್ತಿದ್ರಿ?"

ಸುದೀಪ ದುಂಬಿಯ ಮಾತೆತ್ತಲಿಲ್ಲ.

ತೀರ್ಮಾನವಾಯಿತು. ದೊಡ್ಡ ಹೊಲಗಳಿಗೆ ಈಗಲೇ ಬೇಡ. ಅದೇ ಜಮೀನಿನಲ್ಲಿ ಇನ್ನೊಂದು ಬೆಳೆ ಇಂಪನಾಳೇ ತೆಗೆಯಲಿ. ಅಂಚಿನ ಕಾಯಿಯೂ ತೂಕವಾಗಲಿ, ಕೊಯ್ಲಿನ ಹೆಂಗಸರಿಗೆ ಮಡಿಲು ತುಂಬ ತರಕಾರಿ ಕೇಂದ್ರವೇ ಬೇರೆ ಕಡೆಯಿಂದ ಕೊಡಲಿ. ನಿಗಾ ತಂಡದಿಂದ ಸುದೀಪನನ್ನು ಬಿಡಿಸಲಾಯಿತು.

ಹೊರಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಇಂಪನಾ ಅವನನ್ನು ಹಿಡಿದಳು.

"ದೊಡ್ಡ ಉಪಕಾರ ಆಯ್ತು ಕಣೋ."

"ಅದೆಲ್ಲ ಬೇಡ ಮಾರಾಯ್ತಿ."

"ಆದ್ರೆ ಭಾನುವಾರವೇ ನಂಗೊಂದು ಫೋನ್ ಮಾಡ್ಬಹುದಿತ್ತಲ್ಲ?"

ಅವನು ಖಾಲಿ ಕವರನ್ನು ಮಡಿಸತೊಡಗಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ನಿಧಾನವಾಗಿ ಅವಳ ನಗು ಇಳಿಯಿತು.

"ಎರಡು ಗೆರೆ ಬರ್ಲಿ ಅಂತ ಪರೀಕ್ಷೆ ಮಾಡಿದ್ಯಾ?"

"ಹೂಂ."

"ನಿಮ್ಮಮ್ಮ ತಿಂದಿದ್ರಲ್ಲೋ, ಪಾಪಿ!"

"ಗೊತ್ತು."

ಇಂಪನಾ ಹೆಲ್ಮೆಟ್ ಹಾಕಿಕೊಂಡು ಗಾಡಿ ಹತ್ತಿ ಹೋದಳು.

ಮಾರನೇ ದಿನ ಬೆಳಿಗ್ಗೆ ಸುದೀಪ ಶಿವಮೊಗ್ಗದ ತನ್ನ ರೂಮಿನಲ್ಲಿ ಬೇಗ ಎದ್ದು ಮೊದಲ ಬಸ್ಸಿಗೇ ಜನ್ನಾಪುರಕ್ಕೆ ಬಂದ. ಇಂಪನಾ ಹೊಲಕ್ಕೆ ಬಂದು ಹೆಂಗಸರಿಗೆ ಹೊಸ ನಿಯಮ ಹೇಳುವ ಮೊದಲು ತಾನೇ ಹೇಳಿಬಿಡಬೇಕು, ಅದೊಂದರಲ್ಲಾದರೂ ಮುಂದಿರಬೇಕು ಎಂದು ಅವನಿಗೆ ಹಟ ಹುಟ್ಟಿತ್ತು. ಚಿನ್ನಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು.

"ಚಿನ್ನಮ್ಮಕ್ಕ, ಇನ್ಮೇಲೆ ಅಂಚಿನ ಬದ್ನೆನೂ ಮುಟ್ಟಂಗಿಲ್ಲ."

"ನಿನ್ನೆ ಸಂಜೇನೇ ಗೊತ್ತಾಯ್ತಪ್ಪ," ಎಂದಳು ಚಿನ್ನಮ್ಮ, ಪೊರಕೆ ಎತ್ತಿಕೊಳ್ಳುತ್ತಾ. "ಮೇಡಮ್ಮು ಮನೆಗೇ ಬಂದಿದ್ರು. ನಿಮ್ಮಮ್ಮನ್ನೂ ಮಾತಾಡಿಸ್ಕೊಂಡು, ಹೊಟ್ಟೆ ನೆಟ್ಟಗಿದ್ಯಾ ಅಂತ ಕೇಳ್ಕೊಂಡು ಹೋದ್ರು."