ಚಂದ್ರಿಯ ಮುಂಗಾಲು

ಮೊದಲ ಸುತ್ತಿನಲ್ಲಿ ನಮ್ಮ ಕುದುರೆ ಚಂದ್ರಿ, ಹಾರಲೆಂದು ಅಡ್ಡ ಇಟ್ಟ ಒಂದು ಗಳವನ್ನೂ ಬೀಳಿಸಲಿಲ್ಲ. ಬೀಳಿಸುವುದಿರಲಿ, ಪ್ರತಿ ಗಳದ ಮೇಲೂ ಒಂದು ಗೇಣು ಬಿಟ್ಟೇ ಹಾರಿತು. ಕೊಪ್ಪಳದ ಹೊರಗಿನ ಆ ಮೈದಾನಕ್ಕೆ ಬಂದಿದ್ದವೆಲ್ಲ ಬೆಂಗಳೂರು, ಮೈಸೂರು ಕಡೆಯ ದೊಡ್ಡ ದೊಡ್ಡ ಕುದುರೆಗಳು. ಅವುಗಳ ನಡುವೆ ಗಂಗಾವತಿಯ ಅಕ್ಕಿ ಗಿರಣಿಯವರ ಮಗಳು ಸುರೇಖಾ, ರೇಸಿನವರು ಬೇಡವೆಂದು ಮಾರಿದ ಕುದುರೆ ಹತ್ತಿ ಎಲ್ಲರಿಗಿಂತ ಮುಂದಿದ್ದಳು. ಹೆತ್ತವಳು ನಾನು, ಕೂತಲ್ಲಿ ಕೂರಲಾರದೆ ಎದ್ದು ನಿಂತಿದ್ದೆ. ಎರಡನೇ ಸುತ್ತೂ ಹೀಗೇ ಮುಗಿದರೆ ಮಗಳು ರಾಜ್ಯದ ಕಿರಿಯರ ತಂಡಕ್ಕೆ. ಮುಂದಿನ ವರ್ಷ ವಯಸ್ಸು ದಾಟುತ್ತದೆ, ಆಮೇಲೆ ಕೇಳಿದರೂ ಯಾರೂ ಸೇರಿಸಿಕೊಳ್ಳುವುದಿಲ್ಲ.

ಪಕ್ಕದಲ್ಲಿ ನಮ್ಮ ಅತ್ತೆ ಮುದುಕಮ್ಮ ಖುಷಿಯಿಂದ ಉಬ್ಬಿಹೋಗಿದ್ದರು. ಹುಡುಗಿಗೆ ಕುದುರೆ ಯಾಕೆ, ಕೈಕಾಲು ಮುರಿದುಕೊಂಡರೆ ಯಾರು ಮದುವೆಯಾಗುತ್ತಾರೆ ಎಂದು ನನ್ನ ತಲೆ ತಿಂದವರು ಇವರೇ. ಆಮೇಲೆ ಅದೇನಾಯಿತೋ, ಚಂದ್ರಿಗೆ ತೌಡು, ಬೆಲ್ಲ ಎಲ್ಲ ಅವರ ಕೈಯಿಂದಲೇ ಹೋಗಬೇಕು. ನಾನು ಹಾಕಿದರೆ ಅದಕ್ಕೆ ಹೊಟ್ಟೆ ತುಂಬುವುದಿಲ್ಲವಂತೆ. ಸೊಸೆಗಿಂತ ಕುದುರೆಯೇ ಹೆಚ್ಚಾಯಿತು ನಿಮಗೆ ಎಂದು ನಾನೂ ಎಷ್ಟೋ ಸಲ ಮುಖದ ಮೇಲೆ ಹೇಳಿದ್ದೇನೆ.

ಎರಡನೇ ಸುತ್ತಿಗೆ ಮುಂಚೆ ಕುದುರೆಗಳ ಕಾಲು ಪರೀಕ್ಷೆ ಮಾಡುವ ನಿಯಮವಿದೆ. ಗಳ ತಾಗಿ ಪೆಟ್ಟಾಗದಿರಲೆಂದು ಮುಂಗಾಲಿಗೆ ಕಟ್ಟಿದ್ದ ಚರ್ಮದ ಪಟ್ಟಿಗಳನ್ನು ಪಶುವೈದ್ಯೆ ಬಿಚ್ಚಿಸಿದರು. ಬಿಳಿ ಕೈಗವಸು ಹಾಕಿದ ಬೆರಳು ತಾಗಿದ್ದೇ ತಡ, ಚಂದ್ರಿ ಕಾಲು ಎಳೆದುಕೊಂಡಿತು. ಇನ್ನೊಮ್ಮೆ ಮುಟ್ಟಿದರು, ಇನ್ನೊಮ್ಮೆ ಎಳೆದುಕೊಂಡಿತು. ಡಾಕ್ಟರು ಕೈಗವಸನ್ನು ಮೂಸಿ ನೋಡಿ, ಸಮಿತಿಯವರನ್ನು ಕರೆದರು.

ಕುದುರೆಯ ಕಾಲಿಗೆ ಉರಿಯುವಂಥದ್ದನ್ನು ಹಚ್ಚುವ ಕಳ್ಳರು ಈ ಆಟದಲ್ಲಿ ಇದ್ದಾರಂತೆ. ಉರಿಯುವ ಕಾಲಿಗೆ ಗಳ ತಾಗಿದರೆ ಜೀವ ಹೋದಂತಾಗುತ್ತದೆ, ಆ ಹೆದರಿಕೆಗೆ ಕುದುರೆ ಕಾಲು ಮಡಿಚಿ ಇನ್ನಷ್ಟು ಮೇಲೆ ಹಾರುತ್ತದೆ. ಸಿಕ್ಕಿಬಿದ್ದರೆ ಆ ದಿನದ ಸ್ಪರ್ಧೆಯಿಂದ ಹೊರಗೆ, ಮೇಲೆ ಒಂದು ವರ್ಷದ ನಿಷೇಧ. ಯಾಕೆ ಹಚ್ಚಿದಿರಿ ಎಂದು ನಿಯಮ ಕೇಳುವುದಿಲ್ಲ. ಕುದುರೆ ಹತ್ತಿದವರೇ ಹೊಣೆ.

ನನಗೆ ಸಿಟ್ಟು ನೆತ್ತಿಗೇರಿತು. ಅದೇ ಬೆಳಿಗ್ಗೆ ಒಬ್ಬ ಹುಡುಗ ತನ್ನ ಬಿಳಿ ಕುದುರೆಗೆ ಎಲ್ಲರ ಕಣ್ಣೆದುರೇ ಚಾಟಿಯಲ್ಲಿ ಬಾರಿಸಿದ್ದ. ಅದು ನಿಯಮದ ಲೆಕ್ಕದೊಳಗಿನ ಏಟು, ನಡೆಯುತ್ತದೆ ಎಂದು ಸಮಿತಿಯವರು ಅಂದಿದ್ದರು. ಇದ್ಯಾವ ಊರ ನ್ಯಾಯ ಎಂದು ಡಾಕ್ಟರನ್ನು ಕೇಳಿಯೇ ಬಿಟ್ಟೆ. ಆ ನಿಯಮ ತಮಗೂ ಒಪ್ಪಿಗೆಯಿಲ್ಲ, ಆದರೆ ಅದು ತಪ್ಪೆಂದ ಮಾತ್ರಕ್ಕೆ ಇದು ಸರಿಯಾಗುವುದಿಲ್ಲ ಎಂದು ಅವರು ತಣ್ಣಗೆ ಹೇಳಿದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಸುರೇಖಾಗೆ ಸವಾರಿ ಕಲಿಸುವ ಕಲ್ಲೇಶ ಸರ್ ನನ್ನನ್ನು ಮರೆಗೆ ಕರೆದರು. ಸೈನ್ಯದಲ್ಲಿ ಕುದುರೆ ಪಳಗಿಸಿ ನಿವೃತ್ತರಾದವರು, ಗದರುವ ದನಿಯವರು, ಈಗ ಪಿಸುಗುಡುತ್ತಿದ್ದರು. ಇವತ್ತಿನ ಆಟ ಮುಗಿಯಿತು, ಆದರೆ ಮುಂದಿನ ತಿಂಗಳು ಬೆಂಗಳೂರಿನಲ್ಲಿ ಇನ್ನೊಂದು ಆಯ್ಕೆಯಿದೆ, ನಿಷೇಧ ತಪ್ಪಿದರೆ ಅದಕ್ಕೆ ಹೋಗಬಹುದು ಅಂದರು. ತಪ್ಪಿಸಲು ಇರುವುದು ಒಂದೇ ದಾರಿ. ಮನೆಯವರಿಗೆ ಗೊತ್ತಿಲ್ಲದಂತೆ ಬೇರೆ ಯಾರೋ, ಆಳಾದರೂ ಸರಿ, ಹಚ್ಚಿದ್ದಾರೆ ಎಂದು ತೋರಿಸಿದರೆ ನಿಯಮದಲ್ಲಿ ವಿನಾಯಿತಿ ಇದೆ.

"ಪಟ್ಟಿ ಕಟ್ಟಿದಾವ ಹನಮೇಶ. ಅಂವಾ ಮಾಡ್ಯಾನ ಅಂತ ಹೇಳ್ರಿ ಅಕ್ಕಾರ. ಹುಡುಗಿ ಉಳೀತಾಳ."

ಹನಮೇಶ ನಮ್ಮ ಕುದುರೆ ನೋಡಿಕೊಳ್ಳುವವನು, ವಿರೂಪಾಪುರಗಡ್ಡೆಯ ಕಡೆಯವನು, ಎರಡು ಮಕ್ಕಳ ತಂದೆ. ಸಮಿತಿಯವರು ಆಗಲೇ ಅವನನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದರು. ತಾನು ನೀರು ತರಲು ಹೋಗಿದ್ದೆ, ಬಂದು ಪಟ್ಟಿ ಕಟ್ಟಿದೆ, ಬೇರೇನೂ ಗೊತ್ತಿಲ್ಲ ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಹಣೆಯ ಬೆವರು ಒರೆಸಿಕೊಳ್ಳುವುದನ್ನೂ ಮರೆತಿದ್ದ.

ಏನು ಮಾಡಬೇಕೆಂದು ತಿಳಿಯದೆ ಅತ್ತೆಯ ಪಕ್ಕ ಬಂದು ಕುಕ್ಕರಿಸಿದೆ. ಅವರ ಸೆರಗಿನಿಂದ ಬೆಳ್ಳುಳ್ಳಿ ಎಣ್ಣೆಯ ಘಾಟು ಬಂತು.

"ಅತ್ತೀ, ಚಂದ್ರಿ ಕಾಲಿಗೆ ಏನರ ಹಚ್ಚೀರೇನು?"

"ಹೂಂ, ನನ್ನ ಮೊಣಕಾಲಿನ ಎಣ್ಣಿ. ಲಾರ‍್ಯಾಗ ನಿಂತು ನಿಂತು ಅದರ ಕಾಲು ಹಿಡದಿದ್ವು. ನೋಡಿದಿ ಇಲ್ಲ, ಹೆಂಗ ಹಾರಿತು!"

ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕಪ್ಪಾಗುವ ತನಕ ಕಾಸಿದ ಎಣ್ಣೆ ಅದು. ಅವರ ತವರು ನವಲಿಯಲ್ಲಿ, ಭತ್ತದ ಗದ್ದೆಯ ಕೆಸರು ತುಳಿದು ಬಂದ ಎತ್ತುಗಳ ಕಾಲಿಗೆ ಇದನ್ನೇ ತಿಕ್ಕುತ್ತಿದ್ದರಂತೆ. ಅವರಿಗೆ ಅದು ಉಪಚಾರ. ಡಾಕ್ಟರು ಬಂದದ್ದು ಜ್ವರ ನೋಡಲು ಎಂದುಕೊಂಡಿದ್ದರು. ಯಾರ ಮುಂದೆಯೂ ಈ ಮಾತು ಎತ್ತಬೇಡಿ ಎಂದು ಅವರ ಕೈ ಹಿಡಿದು ಬೇಡಿಕೊಂಡೆ.

ಸುರೇಖಾ ಲಾಯದ ಹತ್ತಿರ ಚಂದ್ರಿಯ ಕಾಲ ಬುಡದಲ್ಲಿ ಕೂತಿದ್ದಳು. ಅಜ್ಜಿ ಮಾಡಿದ್ದನ್ನೂ ಹೇಳಿದೆ, ಕಲ್ಲೇಶ ಸರ್ ತೋರಿಸಿದ ದಾರಿಯನ್ನೂ ಹೇಳಿದೆ. ಹನಮೇಶನನ್ನು ಕೈಬಿಡುವುದಿಲ್ಲ, ಗಿರಣಿಯಲ್ಲಿ ಬೇರೆ ಕೆಲಸ ಕೊಡೋಣ ಅಂದೆ.

"ಅವ್ವಾ, ಇದು ಯಾವತ್ತೂ ಅಷ್ಟು ಮ್ಯಾಲ ಹಾರಿದ್ದಿಲ್ಲ. ನಾ ಕುತ್ತಿಗಿ ತಟ್ಟಿ ಶಭಾಷ್ ಅಂದೆ. ಆವಾಗ ಇದಕ್ಕ ಉರೀತಿತ್ತು."

"ಪ್ರೀತೀಲೆ ಹಚ್ಚ್ಯಾರವ್ವ ಅವರು. ಅದನ್ನ ಯಾರೂ ಕೇಳಂಗಿಲ್ಲ ಅಂದ್ರ ಅನ್ಯಾಯ ಅಲ್ಲೇನು?"

"ಆ ನಿಯಮ ನನಗ ಅನ್ಯಾಯನ. ಚಂದ್ರಿಗಲ್ಲ."

ಎದ್ದು ಸಮಿತಿಯ ಡೇರೆಯ ಕಡೆ ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ. ಅಜ್ಜಿಯ ಹೆಸರು ಹೇಳಿ ಅವರನ್ನು ಎಲ್ಲರೆದುರು ನಿಲ್ಲಿಸುತ್ತಾಳೇನೋ ಎಂಬ ಭಯ ನನಗೆ. ಎಣ್ಣೆ ನಮ್ಮ ಮನೆಯದು, ಹಚ್ಚಿದವರು ನಮ್ಮ ಮನೆಯವರು, ಹನಮೇಶನದು ಇದರಲ್ಲಿ ಏನೂ ಇಲ್ಲ ಎಂದು ಸಮಿತಿಗೆ ಹೇಳಿದಳು. ಯಾರು ಎಂದು ಕೇಳಿದರು.

"ಹತ್ತಿದವರ ಹೊಣಿ ಅಂತ ನಿಯಮ ಐತೆಲ್ರಿ. ಹೆಸರು ಯಾಕ ಬೇಕ್ರಿ?"

ಒಂದು ವರ್ಷ ನಿಷೇಧ ಅಂತ ಅಲ್ಲೇ ಹೇಳಿದರು. ಕಲ್ಲೇಶ ಸರ್ ಹಣೆ ಹಣೆ ಬಡಿದುಕೊಂಡರು. ಹನಮೇಶ ನೀರಿನ ಬಕೆಟ್ ಎತ್ತಿಕೊಂಡು ಹೋದ. ನಾನು ಡೇರೆಯ ಹೊರಗೆ ನಿಂತು ಕಣ್ಣೀರು ಹಾಕಿದೆ. ಮಗಳ ಮೇಲೆ ಸಿಟ್ಟೂ ಬಂತು, ಅವಳನ್ನು ಎತ್ತಿ ಮುದ್ದಾಡಬೇಕೆಂದೂ ಅನಿಸಿತು.

ಕಾಲನ್ನು ಸಬೂನಿನಿಂದ ಚೆನ್ನಾಗಿ ತೊಳೆಯಿರಿ ಎಂದು ಡಾಕ್ಟರು ಹೇಳಿದ್ದರು. ಸುರೇಖಾ ತೊಳೆಯುತ್ತಿದ್ದಾಗ ಅತ್ತೆ ಕೋಲೂರಿಕೊಂಡು ಬಂದರು. ಎರಡನೇ ಸಲ ಯಾಕೆ ಹಾರಿಸುತ್ತಿಲ್ಲ ಎಂದು ಕೇಳಿದರು. ಕಾಲು ಉಳುಕಿದೆ ಎಂದು ಸುಳ್ಳು ಹೇಳಲು ನಾನು ಬಾಯಿ ತೆರೆದೆ. ಸುರೇಖಾ ನನ್ನನ್ನು ಕಣ್ಣಲ್ಲೇ ತಡೆದು, ಇದ್ದದ್ದನ್ನು ಇದ್ದಂತೆ, ಮೆತ್ತಗೆ ಹೇಳಿದಳು.

ಅತ್ತೆ ಮೊದಲು ನಂಬಲಿಲ್ಲ. ಉರಿದರೇ ನೋವು ಹೋಗುವುದು ಅಂದರು. ಆಮೇಲೆ ತಾವೇ ಬಗ್ಗಿ ಕಾಲು ಮುಟ್ಟಿದರು. ಚಂದ್ರಿ ಬೆದರಿ ಹಿಂದೆ ಸರಿಯಿತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು.

"ನಾ ಹೋಗಿ ಹೇಳತೀನಿ, ತಪ್ಪು ನಂದು ಅಂತ. ನಿನ್ನ ಬಿಡತಾರ."

"ಬಿಡಂಗಿಲ್ಲಜ್ಜಿ. ಅದು ಮುಗೀತು."

"ಮತ್ತ ಈ ಚಂದ್ರಿಗೆ ಹೆಂಗ ಹೇಳ್ಲಿ?"

ಸುರೇಖಾ ಸ್ವಲ್ಪ ಪಕ್ಕಕ್ಕೆ ಸರಿದು ಅಜ್ಜಿಗೆ ಕೂರಲು ಜಾಗ ಮಾಡಿ, ಅವರ ಕೈಗೆ ಸಬೂನು ಹಚ್ಚಿದಳು. ಮೊದಲು ಎಣ್ಣೆ ಹತ್ತಿದ ಆ ಕೈ ತೊಳೆಯಬೇಕಿತ್ತು.