ಪಾದ್ರಿಯ ಕಿಡ್ನಿಯ ಕಲ್ಲು

ನರ್ಸಮ್ಮನಿಗೆ ಪಾದ್ರಿಗಳ ಉಪದೇಶ ಬಾಯಿಪಾಠವಾಗಿತ್ತು. ಇಪ್ಪತ್ತು ವರ್ಷಗಳಿಂದ ಅವರು ವಾರಕ್ಕೊಮ್ಮೆ ಗಂಡಸರ ವಾರ್ಡಿಗೆ ಬಂದು, ಮೂಳೆ ಮುರಿದವನಿಗೆ ‘ಇದು ಪರೀಕ್ಷೆ’, ಕ್ಯಾನ್ಸರಿನವನಿಗೆ ‘ಇದು ದೇವರ ಯೋಜನೆ’, ಉಳಿದವರಿಗೆಲ್ಲ ‘ದೇವರು ತನಗೆ ಪ್ರಿಯರಾದವರಿಗೇ ನೋವು ಕೊಡುತ್ತಾನೆ’ ಎಂದು ಹಂಚಿ ಹೋಗುತ್ತಿದ್ದರು. ಅದರಿಂದ ಒಬ್ಬನ ನರಳಾಟವಾದರೂ ನಿಂತದ್ದನ್ನು ಅವಳು ಕಂಡಿರಲಿಲ್ಲ.

ಈ ಸಲ ಪಾದ್ರಿಗಳೇ ಸ್ಟ್ರೆಚರಿನ ಮೇಲೆ ಬಂದರು. ಕಿಡ್ನಿಯಲ್ಲಿ ಕಲ್ಲು. ವಾರ್ಡಿನ ಸೂರು ಹಾರಿಹೋಗುವಂತೆ ಕಿರುಚುತ್ತಿದ್ದರು.

ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಲಾರಿ ಡ್ರೈವರ್ ಕತ್ತು ಚಾಚಿ ನೋಡಿದ. “ದೇವ್ರಿಗೆ ನಿಮ್ಮ ಮೇಲೆ ಪ್ರೀತಿ ಉಕ್ಕಿ ಹರೀತಿದೆ, ಫಾದರ್!”

“ಬಾಯಿ ಮುಚ್ಚಯ್ಯ!” ಎಂದ ಪಾದ್ರಿ ನರ್ಸಮ್ಮನ ಕೈ ಹಿಡಿದುಕೊಂಡರು. “ನಲವತ್ತು ವರ್ಷ ಅವನ ಸೇವೆ ಮಾಡಿದೀನಿ. ನನಗ್ಯಾಕಮ್ಮ ಈ ನೋವು?”

“ಶಿಲುಬೆ ಮೇಲೆ ಅವನ ಮಗನೂ ಇದನ್ನೇ ಕೇಳಿದ. ಹೆತ್ತ ಮಗನಿಗೇ ಉತ್ತರ ಕೊಡದವನು ನಿಮಗೆ ಕೊಡ್ತಾನಾ? ಸುಮ್ನೆ ಮಗ್ಗುಲಾಗಿ,” ಎಂದು ಅವಳು ಇನ್ನೊಂದು ಕೈಯಲ್ಲಿ ಸೂಜಿ ಚುಚ್ಚಿದಳು.

ನೋವು ಇಳಿಯುವವರೆಗೂ ಪಾದ್ರಿ ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

ತಿಂಗಳಾದ ಮೇಲೆ ಅವರು ಮತ್ತೆ ವಾರ್ಡಿಗೆ ಬಂದಾಗ ಹೊಸ ರೋಗಿಯೊಬ್ಬ ನರಳುತ್ತಿದ್ದ. ಅಭ್ಯಾಸಬಲದಿಂದ ಬಾಯಿ ತೆರೆದರು, ಹಾಗೇ ಮುಚ್ಚಿದರು. ಸ್ಟೂಲು ಎಳೆದು ಕೂತು, ಅವನ ಕೈ ಹಿಡಿದು, ಬಾಗಿಲ ಕಡೆ ತಿರುಗಿ ಕೂಗಿದರು:

“ನರ್ಸಮ್ಮಾ, ಇವನಿಗೆ ಇಂಜೆಕ್ಷನ್ ಕೊಟ್ಯೇನಮ್ಮಾ?”